ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರ ಎಷ್ಟು: 13,993 ಕಿ.ಮೀ. ಸರಿಯೋ, 16,000 ಕಿ.ಮೀ. ಸರಿಯೋ?

ಸರಸ್ವತೀಪುರಂ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಮಗಳು ಸ್ಯಾನ್ ಫ್ರಾನ್ಸಿಸ್ಕೊ ಸಮೀಪದಲ್ಲಿ ನೆಲೆಸಿದ್ದಾಳೆ. ಬರುವ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವಳಲ್ಲಿಗೆ ಹೊರಡುವವರಿದ್ದೇವೆ. ಟಿಕೆಟ್ಟನ್ನು ಯಾವ ದಾರಿಯಲ್ಲಿ ತೆಗೆಯುತ್ತೇವೆ ಎಂಬುದು ಬೇರೆ ಮಾತು; ಸದ್ಯಕ್ಕೆ ನೇರ ಹಾರಾಟವನ್ನೇ ಇಟ್ಟುಕೊಂಡು, ದೂರ ಎಷ್ಟು, ಹೊತ್ತು ಎಷ್ಟು ಎಂಬುದನ್ನು ನಾನೇ ಲೆಕ್ಕ ಹಾಕಿ ತಿಳಿಯಬೇಕೆಂಬ ಹಠ ಹಿಡಿದು ಕುಳಿತಿದ್ದೇನೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನವನ್ನು ಹಾರಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದದ್ದು, ವಿಮಾನ ಉತ್ತರ ಧ್ರುವದ ಮೇಲಿಂದ ಬಂದದ್ದು ಎಲ್ಲವೂ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. ಆಗ ಕತ್ತರಿಸಿಟ್ಟ ತುಣುಕುಗಳನ್ನು ಮೊನ್ನೆ ತೆಗೆದು ನೋಡಿದರೆ, ಒಂದರಲ್ಲಿ ಎರಡು ಊರುಗಳ ಅಂತರ 13,993 ಕಿ.ಮೀ. ಎಂದಿದೆ, ಇನ್ನೊಂದರಲ್ಲಿ ಅದೇ ವಿಮಾನ 16,000 ಕಿ.ಮೀ. ಕ್ರಮಿಸಿತು ಎಂದಿದೆ. ಎರಡರ ನಡುವಿನ ವ್ಯತ್ಯಾಸವೇ ಎರಡು ಸಾವಿರ ಕಿಲೋಮೀಟರು, ಅಂದರೆ ಇಲ್ಲಿಂದ ದೆಹಲಿಗೆ ಹೋಗಿ ಇನ್ನೂ ಮಿಗುವಷ್ಟು.

ಸರಿ, ನಾನೇ ಲೆಕ್ಕ ಹಾಕೋಣವೆಂದು ವಿಮಾನ ನಿಲ್ದಾಣಗಳ ಸ್ಥಾನವನ್ನು ಹುಡುಕಿದೆ. ಕೆಂಪೇಗೌಡ ನಿಲ್ದಾಣದ ಅಕ್ಷಾಂಶ 13.20, ರೇಖಾಂಶ 77.71, ಸ್ಯಾನ್ ಫ್ರಾನ್ಸಿಸ್ಕೊದ್ದು 37.62 ಮತ್ತು 122.38. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಕೋನಕ್ಕೆ ಇರುವ ಕೊಸೈನ್ ಸೂತ್ರ ಇನ್ನೂ ನೆನಪಿದೆ. ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳ ಗುಣಲಬ್ಧವನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಗುಣಿಸಿ ಕೂಡಿಸಿದರೆ, ಬೇಕಾದ ಕೋನದ ಕೊಸೈನ್ ಸಿಗುತ್ತದೆ. ಹಾಗೆ ಮಾಡಿದಾಗ ನನಗೆ ಬಂದ ಉತ್ತರ 5,175 ಕಿ.ಮೀ. ಮೂರು ಸಲ ಮಾಡಿದರೂ ಅದೇ. ಇದು ತಪ್ಪೆಂದು ಗೊತ್ತು, ಎಲ್ಲಿ ತಪ್ಪಿದೆ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಅಳತೆಗೋಲು

ಮೇಷ್ಟ್ರೇ, ತಮ್ಮ ಸೂತ್ರ ಸರಿಯಾಗಿಯೇ ಇದೆ, ತಪ್ಪಿರುವುದು ಚಿಹ್ನೆ. ಸ್ಯಾನ್ ಫ್ರಾನ್ಸಿಸ್ಕೊ ಇರುವುದು ಗ್ರೀನಿಚ್‌ನಿಂದ ಪಶ್ಚಿಮಕ್ಕೆ. ಆದ್ದರಿಂದ ಅದರ ರೇಖಾಂಶವನ್ನು ಋಣ 122.38 ಎಂದು ಬರೆಯಬೇಕು. ತಾವು ಧನವಾಗಿ ತೆಗೆದುಕೊಂಡದ್ದರಿಂದ ತಮ್ಮ ವಿಮಾನ ಚೀನಾದ ಶಾನ್‌ಡಾಂಗ್ ಪರ್ಯಾಯ ದ್ವೀಪದ ತುದಿಯಲ್ಲಿ, ಹಳದಿ ಸಮುದ್ರದಲ್ಲಿ ಇಳಿದಿದೆ. ಬೆಂಗಳೂರಿನಿಂದ ಅಲ್ಲಿಗೆ 5,175 ಕಿ.ಮೀ. ಎಂಬುದು ಸರಿಯಾದ ಉತ್ತರವೇ, ಪ್ರಶ್ನೆ ಬೇರೆ ಅಷ್ಟೆ.

ಈಗ ಚಿಹ್ನೆ ತಿದ್ದಿ ಮತ್ತೆ ಮಾಡಿ ನೋಡಿ. ರೇಖಾಂಶಗಳ ವ್ಯತ್ಯಾಸ 200.09 ಡಿಗ್ರಿ ಆಗುತ್ತದೆ. ಎದುರು ದಿಕ್ಕಿನಿಂದ ಎಣಿಸಿದರೆ 159.91. ಯಾವುದನ್ನು ಹಿಡಿದರೂ ಕೊಸೈನ್ ಒಂದೇ, ಋಣ 0.939. ಮೊದಲ ಗುಣಲಬ್ಧ 0.139, ಎರಡನೆಯದು 0.771ನ್ನು ಋಣ 0.939ರಿಂದ ಗುಣಿಸಿದಾಗ ಋಣ 0.724. ಕೂಡಿಸಿದರೆ ಋಣ 0.585. ಈ ಕೊಸೈನ್ ಇರುವ ಕೋನ 125.8 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಇಟ್ಟುಕೊಂಡರೆ ದೂರ 13,988 ಕಿ.ಮೀ. ಪತ್ರಿಕೆಯ 13,993ಕ್ಕೂ ಇದಕ್ಕೂ ಐದೇ ಕಿಲೋಮೀಟರಿನ ವ್ಯತ್ಯಾಸ.

ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಾಗ ನಾನು ಬಳಸುವ ಇನ್ನೊಂದು ದಾರಿ ಇದೆ. ನಾಟಿಕಲ್ ಮೈಲಿ ಎಂಬ ಅಳತೆ ಹುಟ್ಟಿದ್ದೇ ಭೂಮಿಯ ಮೇಲಿನ ಕೋನದ ಒಂದು ಮಿನಿಟಿನಿಂದ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಿಂದ. 1929ರಲ್ಲಿ ಮೊನಾಕೊದಲ್ಲಿ ನಡೆದ ಸಮ್ಮೇಳನದಲ್ಲಿ ಅದನ್ನು 1,852 ಮೀಟರ್ ಎಂದು ನಿಗದಿ ಮಾಡಿದರು. ಹಾಗಾಗಿ 125.8 ಡಿಗ್ರಿಯನ್ನು ಅರವತ್ತರಿಂದ ಗುಣಿಸಿದರೆ 7,548 ನಾಟಿಕಲ್ ಮೈಲಿ, ಅದನ್ನು 1.852ರಿಂದ ಗುಣಿಸಿದರೆ 13,979 ಕಿ.ಮೀ. ಪೈಲಟ್‌ಗಳು ಇಂದಿಗೂ ದೂರವನ್ನು ನಾಟಿಕಲ್ ಮೈಲಿಯಲ್ಲೇ ಹೇಳುವುದಕ್ಕೆ ಈ ಅನುಕೂಲವೇ ಕಾರಣ.

ಇದು ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ, ಅಂದರೆ ಮಹಾವೃತ್ತದ (ಗೋಳವನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ) ಒಂದು ಕಂಸ. ಭೂಮಿ ಪೂರ್ತಿ ಗೋಳವಲ್ಲ, ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357 ಕಿ.ಮೀ. ಎಂದು ಯಾರಾದರೂ ತಕರಾರು ತೆಗೆಯಬಹುದು. ಆ ತಕರಾರು ನ್ಯಾಯವಾದದ್ದೇ, ಆದರೆ ಅದರಿಂದ ಆಗುವ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧ, ಅಂದರೆ ಶೇಕಡಾ 0.5. ಪ್ರಯಾಣದ ಹೊತ್ತನ್ನು ಅಂದಾಜು ಮಾಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಾವು ಶಾಲೆಯ ಗೋಡೆಗೆ ತೂಗುಹಾಕುತ್ತಿದ್ದ ಪ್ರಪಂಚ ಭೂಪಟವನ್ನು ಮಾತ್ರ ಇದಕ್ಕೆ ಬಳಸಬೇಡಿ. ಮರ್ಕೇಟರ್ ಎಂಬ ಆ ಬಗೆಯ ಭೂಪಟದ ಮೇಲೆ ಬೆಂಗಳೂರಿನಿಂದ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆದರೆ, ಆ ಗೆರೆಯ ನಿಜವಾದ ಉದ್ದ ಸುಮಾರು 16,100 ಕಿ.ಮೀ. ಆಗುತ್ತದೆ. ಪತ್ರಿಕೆಯ 16,000ಕ್ಕೆ ಅದು ಹತ್ತಿರವಿರುವುದು ಕಾಕತಾಳೀಯ. ಅವರು ಅಳೆದದ್ದು ಹಾಗಲ್ಲ.

ಮನೆಯಲ್ಲಿ ಭೂಗೋಳದ ಮಾದರಿ ಇದ್ದರೆ ಹೂ ಕಟ್ಟುವ ದಾರವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿಯಿರಿ. ಬಿಗಿದ ದಾರ ತಾನಾಗಿಯೇ ಅತಿ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಅದು ನೇಪಾಳದ ಅನ್ನಪೂರ್ಣದ ಆಸುಪಾಸಿನಲ್ಲಿ ಹಿಮಾಲಯವನ್ನು ಹತ್ತಿ, ಟಿಬೆಟ್, ಪಶ್ಚಿಮ ಮಂಗೋಲಿಯಾ ದಾಟಿ, ಬೈಕಾಲ್ ಸರೋವರವನ್ನು ಬಲಕ್ಕೆ ಬಿಟ್ಟು, ಸೈಬೀರಿಯಾದ ಉತ್ತರದ ಕಡಲಿನಲ್ಲಿ 71 ಡಿಗ್ರಿಯ ತನಕ ಏರಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುವುದನ್ನು ತಾವೇ ಕಾಣುವಿರಿ.

ಎದುರುಗಾಳಿ

ಅಳತೆಗೋಲು ಅವರು ದೂರವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ವಿಮಾನಗಳ ಹಾರಾಟ ಯೋಜನೆ ಮಾಡುವ ಕಚೇರಿಯಲ್ಲಿ ಹಲವು ವರ್ಷ ದುಡಿದ ಅನುಭವದಿಂದ ನಾನು ದಾರಿ ಮತ್ತು ಹೊತ್ತಿನ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ದೂರವನ್ನು ಗಣಿತದಿಂದ ತಿಳಿಯಬಹುದು, ಹೊತ್ತನ್ನು ಮಾತ್ರ ಹಿಂದೆ ಹಾರಿದ ವಿಮಾನಗಳ ದಾಖಲೆಯಿಂದಲೇ ತಿಳಿಯಬೇಕು.

ದಾರ ಹೋದ ದಾರಿಯಲ್ಲೇ ವಿಮಾನ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಎತ್ತರದಲ್ಲಿ ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ಪ್ರಯಾಣಿಕರ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡ ಇಳಿಯುತ್ತದೆ. ಅದು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು 10,000 ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಆದ್ದರಿಂದ ಬಹುತೇಕ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸುತ್ತಿಯೇ ಹೋಗುತ್ತವೆ.

ಧ್ರುವದ ಕಡೆಯ ದಾರಿಗೆ ಅದರದೇ ಕಟ್ಟುಪಾಡುಗಳಿವೆ. ಅಲ್ಲಿನ ಚಳಿಯಲ್ಲಿ ಗಂಟೆಗಟ್ಟಲೆ ಹಾರಿದರೆ ರೆಕ್ಕೆಯೊಳಗಿನ ಇಂಧನ ತಣ್ಣಗಾಗುತ್ತಾ ಹೋಗುತ್ತದೆ. ಅಮೆರಿಕದಲ್ಲಿ ತುಂಬುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಋಣ 40 ಡಿಗ್ರಿ ಸೆಲ್ಸಿಯಸ್, ಉಳಿದೆಡೆ ಸಿಗುವ ಜೆಟ್ ಎ-1ರದ್ದು ಋಣ 47. ಮಿತಿ ಹತ್ತಿರವಾದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಇಷ್ಟಾದರೂ ದೂರದ ದೃಷ್ಟಿಯಿಂದ ಧ್ರುವ ದುಬಾರಿಯಲ್ಲ. ಈ ಎರಡು ಊರುಗಳ ರೇಖಾಂಶದ ವ್ಯತ್ಯಾಸ 160 ಡಿಗ್ರಿಯಾದ್ದರಿಂದ ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಗಳಲ್ಲಿವೆ. ಸರಿಯಾಗಿ ಧ್ರುವದ ನೆತ್ತಿಯ ಮೇಲಿಂದ ಹೋದರೂ ದೂರ ಸುಮಾರು 14,364 ಕಿ.ಮೀ., ಅತಿ ಹತ್ತಿರದ ದಾರಿಗಿಂತ 376 ಕಿ.ಮೀ. ಮಾತ್ರ ಹೆಚ್ಚು.

ಇನ್ನು ದೇಶಗಳ ಆಕಾಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್ ವಿಮಾನಕ್ಕೆ ಹದಿಮೂರು ಗಂಟೆ ಹಿಡಿಯತೊಡಗಿತು. ಊರುಗಳು ಇದ್ದಲ್ಲೇ ಇದ್ದವು, ಮಹಾವೃತ್ತದ ದೂರ ಒಂದು ಮೀಟರೂ ಬದಲಾಗಲಿಲ್ಲ. ಏರ್ ಇಂಡಿಯಾ ರಷ್ಯಾದ ಮೇಲೆ ಹಾರುವುದನ್ನು ಮುಂದುವರಿಸಿತು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಅದರ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ಅನೇಕರಿಗೆ ನೆನಪಿರಬಹುದು.

ಎಲ್ಲಕ್ಕಿಂತ ದೊಡ್ಡದು ಗಾಳಿ. ತಾವು ಮಕ್ಕಳಿಗೆ ಕಲಿಸಿದ ದೋಣಿ ಮತ್ತು ಹೊಳೆಯ ಲೆಕ್ಕವೇ ಇದು. ಬೋಯಿಂಗ್ 777 ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಆ ಗಾಳಿಯೇ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹರಿಯುತ್ತಿದ್ದರೆ, ಪೂರ್ವಕ್ಕೆ ಹೋಗುವಾಗ ನೆಲದ ಮೇಲಿನ ವೇಗ 1,000, ಪಶ್ಚಿಮಕ್ಕೆ ಮರಳುವಾಗ 800. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹೋಗುವಾಗ 14 ಗಂಟೆ, ಬರುವಾಗ ಹದಿನೇಳೂವರೆ ಗಂಟೆ. ಎರಡೂ ಸೇರಿ ಮೂವತ್ತೊಂದೂವರೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಹಿಡಿಯುತ್ತಿದ್ದದ್ದು ಮೂವತ್ತೊಂದು ಗಂಟೆ ಏಳು ನಿಮಿಷ. ಹೋಗುವಾಗ ಗಳಿಸಿದ್ದನ್ನು ಬರುವಾಗ ಕಳೆದುಕೊಂಡು ಸರಿಹೋಗುತ್ತದೆ ಎಂದು ಹಲವರು ತಿಳಿಯುತ್ತಾರೆ, ಹಾಗಾಗುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಒಟ್ಟಿನಲ್ಲಿ ಯಾವಾಗಲೂ ನಷ್ಟವೇ.

ಈ ಗಾಳಿ ಸುಮಾರು ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಸುತ್ತ ಅದರ ರಭಸ ಹೆಚ್ಚು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪೂರ್ವಾಭಿಮುಖವಾಗಿ ಹೋಗುವ ದಿನ, ಯೋಜನೆ ಮಾಡುವವರು ನೂರಾರು ಕಿಲೋಮೀಟರ್ ಹೆಚ್ಚಾದರೂ ಸರಿಯೆಂದು ಪೆಸಿಫಿಕ್ ಮೇಲಿನ ಆ ಹರಿವನ್ನೇ ಹುಡುಕಿ ಹೋಗುತ್ತಾರೆ. ಮರಳುವಾಗ ಅದರಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ ಸರಿಯುತ್ತಾರೆ. 2021ರ ಆ ವಿಮಾನ ಧ್ರುವದ ದಾರಿ ಹಿಡಿದದ್ದು ಮರಳಿ ಬರುವ ದಿಕ್ಕಿನಲ್ಲಿ ಎಂಬುದನ್ನು ಗಮನಿಸಿ.

ಈಗ ತಮ್ಮ 16,000ದ ವಿಚಾರ. ಆ ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ. 16,000ವನ್ನು 17ರಿಂದ ಭಾಗಿಸಿದರೆ ಏರುವ, ಇಳಿಯುವ ಹೊತ್ತೂ ಸೇರಿ ಗಂಟೆಗೆ ಸರಾಸರಿ 941 ಕಿ.ಮೀ. ದಾರಿಯುದ್ದಕ್ಕೂ ಬೆನ್ನ ಹಿಂದೆ ಗಾಳಿ ಇಲ್ಲದೆ ಆ ಸರಾಸರಿ ಬರುವುದು ಕಷ್ಟ. ಆದ್ದರಿಂದ ನಾನು ಅದನ್ನು ಪತ್ರಿಕೆಗಳು ಮೇಲಕ್ಕೆ ದುಂಡಾಗಿಸಿ ಬರೆದ ಸಂಖ್ಯೆ ಎಂದೇ ಓದುತ್ತೇನೆ. ಸುತ್ತುದಾರಿಯಿಂದ ಹದಿನಾಲ್ಕು ಸಾವಿರ ಹದಿನೈದು ಸಾವಿರವಾಗುವುದು ಸಹಜ. ಆಗ ಕೆಲವೆಡೆ ಇದನ್ನು ಜಗತ್ತಿನಲ್ಲೇ ಅತಿ ಉದ್ದದ ಹಾರಾಟ ಎಂದೂ ಬರೆದರು. ಅದೂ ಸರಿಯಲ್ಲ. ಅಂಥ ಹೋಲಿಕೆಯನ್ನು ಮಾಡುವುದು ಮಹಾವೃತ್ತದ ದೂರದಿಂದ. ಸಿಂಗಪುರದಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ 15,349 ಕಿ.ಮೀ., ಮತ್ತು ಆ ಹಾರಾಟ 2020ರ ನವೆಂಬರ್‌ನಲ್ಲೇ ಆರಂಭವಾಗಿತ್ತು.

ಸರಸ್ವತೀಪುರಂ ಮೇಷ್ಟ್ರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಋಣ ಚಿಹ್ನೆ ಮರೆತ ಮಕ್ಕಳಿಗೆ ಅರ್ಧ ಅಂಕ ಕಡಿಯುತ್ತಿದ್ದವನು ನಾನು. ಈಗ ಮನೆಯಾಕೆಯ ಎದುರಿಗೆ ಮುಖ ಎತ್ತುವಂತಿಲ್ಲ.

ದಾರದ ಪ್ರಯೋಗವನ್ನು ಇವತ್ತು ಬೆಳಿಗ್ಗೆ ಮಾಡಿದೆವು. ನಮ್ಮಲ್ಲಿರುವ ಗೋಳದ ವ್ಯಾಸ 30 ಸೆಂ.ಮೀ. ಅದರ ಸುತ್ತಳತೆ 94.2 ಸೆಂ.ಮೀ. ಆಗುವುದರಿಂದ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಹೆಂಡತಿ ಬೆಂಗಳೂರಿನ ಮೇಲೆ ಉಗುರು ಒತ್ತಿ ಹಿಡಿದಳು, ನಾನು ಆ ತುದಿಯನ್ನು ಎಳೆದೆ. ಮೊದಲು ದಾರವನ್ನು ಜಪಾನಿನ ಮೇಲೆ ಹಾಯಿಸಿ ಇಟ್ಟರೂ, ಬಿಗಿ ಮಾಡುತ್ತಿದ್ದಂತೆ ಅದು ಜಾರಿ ಜಾರಿ ಮೇಲಕ್ಕೆ ಹೋಗಿ ಸೈಬೀರಿಯಾದ ನೆತ್ತಿಯ ಮೇಲೆ ನಿಂತಿತು. ಅಳತೆಪಟ್ಟಿಯಲ್ಲಿ ಅಳೆದಾಗ ಮೂವತ್ತಮೂರೂವರೆ ಸೆಂ.ಮೀ., ಅಂದರೆ ಸುಮಾರು 14,200 ಕಿ.ಮೀ. ಹತ್ತಿ ದಾರ ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇಷ್ಟು ಸಾಕು.

ಇನ್ನೊಂದು ಅನುಮಾನ ಉಳಿದಿದೆ. ಆ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ನಸುಕಿನಲ್ಲಿ ಇಳಿಯಿತೆಂದು ಪತ್ರಿಕೆಯಲ್ಲಿದೆ. 17 ಗಂಟೆಯ ಹಾರಾಟಕ್ಕೆ ಎರಡು ದಿನ ಹೇಗಾಯಿತು? ಟಿಕೆಟ್ಟಿನ ಮೇಲೆ ಬರೆಯುವ ಹೊತ್ತಿನಿಂದ ಹಾರಾಟದ ಹೊತ್ತನ್ನು ತಿಳಿಯುವುದು ಹೇಗೆ?

ಸನ್ನಿವೇಲ್ ಕನ್ನಡಿಗ

ಮೇಷ್ಟ್ರೇ, ನಾನು ಇಲ್ಲೇ, ಸ್ಯಾನ್ ಫ್ರಾನ್ಸಿಸ್ಕೊ ಸಮೀಪದಲ್ಲೇ ಇರುವವನಾದ್ದರಿಂದ ಈ ಲೆಕ್ಕ ಬಾಯಿಪಾಠವಾಗಿದೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಎರಡನ್ನೂ ಮೊದಲು ಭಾರತದ ಕಾಲಮಾನಕ್ಕೆ ತಂದುಕೊಂಡು ಆಮೇಲೆ ಕಳೆಯಬೇಕು. ಚಳಿಗಾಲದಲ್ಲಿ ಭಾರತ ಇಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಆ ವಿಮಾನ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ ಸುಮಾರು ಎಂಟೂವರೆಗೆ; ಆಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ ಮೂರು ದಾಟುತ್ತದೆ. ಭಾನುವಾರವೆಲ್ಲ ವಿಮಾನದಲ್ಲೇ ಕಳೆಯಿತು ಅಷ್ಟೆ.

ತಾವು ಹೊರಡುವುದು ಮಾರ್ಚ್‌ನಲ್ಲಿ ಎಂದಿದ್ದೀರಿ, ಅಲ್ಲೊಂದು ಎಚ್ಚರ ಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆ ನಡುವೆ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಉದಾಹರಣೆಗೆ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಮರುದಿನ ಬೆಳಿಗ್ಗೆ ಆರು, ಇಲ್ಲಿ ಅದೇ ದಿನ ಸಂಜೆ ಐದೂವರೆ. ಊಟ ಮಾಡಿ ಹೊರಟವರು ಅದೇ ದಿನದ ಸಂಜೆ ಕಾಫಿಗೆ ಮಗಳ ಮನೆಯಲ್ಲಿ ಇರಬಹುದು. ನನ್ನ ಅಪ್ಪ ಮೊದಲ ಸಲ ಬಂದಾಗ ಈ ಒಂದು ಗಂಟೆಯನ್ನು ಮರೆತು, ಅವರನ್ನು ಕರೆತರಲು ನಾನು ತಡವಾಗಿ ಹೋಗಿದ್ದೆ. ಟ್ರಾಲಿಯ ಮೇಲೆ ಎರಡು ಡಬ್ಬ ಉಪ್ಪಿನಕಾಯಿ ಇಟ್ಟುಕೊಂಡು ಒಂದು ಗಂಟೆ ನಿಂತಿದ್ದರು.

ಕಡಲೂರಿನವಳು

ಟಿಕೆಟ್ಟಿನ ಹೊತ್ತಿನ ಬಗ್ಗೆ ಸಣ್ಣದೊಂದು ಮಾತು. ಅದು ಹಾರಾಟದ ಹೊತ್ತಲ್ಲ. ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಇಳಿದ ಊರಿನ ಗೇಟಿನಲ್ಲಿ ನಿಲ್ಲುವ ತನಕದ ಹೊತ್ತು. ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನಮ್ಮ ಮಂಗಳೂರಿನಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 306 ಕಿ.ಮೀ. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವುದಕ್ಕೆ ಮುಕ್ಕಾಲು ಗಂಟೆಯೂ ಬೇಡ, ಆದರೂ ಟಿಕೆಟ್ಟಿನಲ್ಲಿ ಒಂದು ಗಂಟೆಯ ಮೇಲೆಯೇ ಇರುತ್ತದೆ. ದೂರವನ್ನು ಟಿಕೆಟ್ಟಿನ ಹೊತ್ತಿನಿಂದ ಭಾಗಿಸಿ, ಜೆಟ್ ವಿಮಾನವೂ ಗಂಟೆಗೆ 300 ಕಿ.ಮೀ. ಮಾತ್ರ ಓಡುತ್ತದೆ ಎಂದು ನನ್ನ ತಮ್ಮ ಒಮ್ಮೆ ವಾದ ಮಾಡಿದ್ದ. ದೂರದ ಹಾರಾಟದಲ್ಲಿ ಈ ಅರ್ಧ ಗಂಟೆ ಕಣ್ಣಿಗೆ ಬೀಳುವುದಿಲ್ಲ, ಹತ್ತಿರದ್ದರಲ್ಲಿ ಅದೇ ಅರ್ಧ ಪಾಲು.

ಸರಸ್ವತೀಪುರಂ ಮೇಷ್ಟ್ರು

ಎಲ್ಲವೂ ಸ್ಪಷ್ಟವಾಯಿತು. ಕಡೆಯದಾಗಿ ಒಂದು ಪ್ರಶ್ನೆ: ದೂರವನ್ನು ಆಧರಿಸಿ ಹಣಕಾಸಿನ ಲೆಕ್ಕ ಮಾಡುವ ಕಡೆ ಹಿಡಿಯುವುದು ಯಾವ ದೂರವನ್ನು, ದಾರದ್ದನ್ನೋ, ವಿಮಾನ ಹಾರಿದ್ದನ್ನೋ?

ಎದುರುಗಾಳಿ

ದಾರದ್ದನ್ನೇ. ಯುರೋಪಿನ ಒಕ್ಕೂಟದಲ್ಲಿ ವಿಮಾನ ರದ್ದಾದರೆ ಪ್ರಯಾಣಿಕರಿಗೆ ಕೊಡಬೇಕಾದ ಪರಿಹಾರದ ಬಗ್ಗೆ 2004ರಲ್ಲಿ ಮಾಡಿದ ನಿಯಮದಲ್ಲಿ, ದೂರವನ್ನು ಮಹಾವೃತ್ತದ ಪ್ರಕಾರವೇ ಅಳೆಯಬೇಕೆಂದು ಬರೆದಿದೆ. ವಿಮಾನ ಗಾಳಿಗಾಗಿ ಎಷ್ಟು ಸುತ್ತಿದರೂ ಲೆಕ್ಕಕ್ಕೆ ಬರುವುದು ತಾವು ಮೂವತ್ತಮೂರೂವರೆ ಸೆಂಟಿಮೀಟರ್ ಎಂದು ಅಳೆದದ್ದೇ. ಹಿಗ್ಗಿದ ಅರ್ಧ ಸೆಂಟಿಮೀಟರನ್ನು ಮಾತ್ರ ಬಿಟ್ಟುಬಿಡಿ.